ನಲವತ್ತು ಮೀಟರ್ ಡೈಪೋಲ್: ತಂತಿ ಕತ್ತರಿಸುವ ಮುನ್ನ ಮಾಡಬೇಕಾದ ಲೆಕ್ಕ

ಹ್ಯಾಮ್ (ಹವ್ಯಾಸಿ) ರೇಡಿಯೋ ಪರವಾನಗಿ ಕೈಗೆ ಬಂದವರಲ್ಲಿ ಬಹುಪಾಲು ಜನ ಮೊದಲು ಕಟ್ಟಲು ಹೊರಡುವುದು ನಲವತ್ತು ಮೀಟರ್ ಬ್ಯಾಂಡಿನ (ಸುಮಾರು ಅಷ್ಟು ತರಂಗಾಂತರದ ಆವರ್ತನಗಳ ಪಟ್ಟಿಯ) ಡೈಪೋಲ್ ಆಂಟೆನಾವನ್ನು, ಅಂದರೆ ನಡುವಿನಿಂದ ಎರಡು ಕಡೆಗೆ ಚಾಚುವ ತಂತಿಯ ಆಂಟೆನಾವನ್ನು. ಎರಡು ತುಂಡು ತಂತಿಗೆ ಎಷ್ಟು ಮಹಾ ಖರ್ಚಾದೀತು ಎಂದುಕೊಂಡು ಅಂಗಡಿಗೆ ಹೋಗಿ, ಕೇಬಲ್ ಸಾಲದೆ ಮರುದಿನ ಮತ್ತೊಮ್ಮೆ, ಹಗ್ಗ ಸಾಲದೆ ಅದರ ಮರುದಿನ ಇನ್ನೊಮ್ಮೆ ಹೋಗುವುದು ಈ ಹವ್ಯಾಸದ ಮಾಮೂಲು ಕತೆ. ತಂತಿ, ಎತ್ತರ, ಕೇಬಲ್, ಹಗ್ಗ ಎಂಬ ಕ್ರಮದಲ್ಲಿ ಅಳೆದು, ದರವನ್ನು ಕೊನೆಯಲ್ಲಿ ಕೂಡಿಸಿದರೆ ಈ ಅಲೆದಾಟ ತಪ್ಪುತ್ತದೆ.

ಭಾರತದಲ್ಲಿ ಈ ಬ್ಯಾಂಡ್ 7000ರಿಂದ 7200 ಕಿಲೋಹರ್ಟ್ಸ್‌ವರೆಗೆ ಇರುವುದರಿಂದ ನಡುವಿನ 7.1 ಮೆಗಾಹರ್ಟ್ಸ್ ಅನ್ನು ಗುರಿಯಾಗಿಟ್ಟುಕೊಳ್ಳಬಹುದು. 300ನ್ನು 7.1ರಿಂದ ಭಾಗಿಸಿದರೆ ತರಂಗಾಂತರ ಸುಮಾರು 42.25 ಮೀಟರ್ ಬರುತ್ತದೆ. ಡೈಪೋಲಿನ ಒಟ್ಟು ಉದ್ದ ಅದರ ಅರ್ಧ, 21.1 ಮೀಟರ್. ತಂತಿಯ ತುದಿಗಳ ಪರಿಣಾಮಕ್ಕೆಂದು ಅದರಲ್ಲಿ ಶೇಕಡಾ 5ರಷ್ಟು ಕಳೆದರೆ 20.1 ಮೀಟರ್ ಉಳಿಯುತ್ತದೆ, ಅಂದರೆ ಎರಡು ತಂತಿಗಳಲ್ಲಿ ಒಂದೊಂದಕ್ಕೆ, ಆಂಟೆನಾದ ಒಂದೊಂದು ಕಾಲಿಗೆ, ಹತ್ತು ಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಮನೆಯ ವೈರಿಂಗಿನ ಪಿವಿಸಿ ಹೊದಿಕೆಯ ತಂತಿ ಬಳಸಿದರೆ ಅಂತಿಮ ಉದ್ದ ಇನ್ನೂ ಸ್ವಲ್ಪ ಕಡಿಮೆಯೇ ಆಗುತ್ತದೆ. ಹಾಗೆಂದು ಮೊದಲೇ ಗಿಡ್ಡಗೆ ಕತ್ತರಿಸಬಾರದು. ಕಾಲಿಗೆ 10.3 ಮೀಟರ್ ಇಟ್ಟುಕೊಂಡು, ಎರಡೂ ತುದಿಗಳಲ್ಲಿ ಇನ್ಸುಲೇಟರಿಗೆ ಸುತ್ತಿ ಹೊಸೆಯಲು ತಲಾ 15 ಸೆಂಟಿಮೀಟರ್ ಸೇರಿಸಿ, ಒಟ್ಟು 10.6 ಮೀಟರ್ ಕತ್ತರಿಸಬೇಕು. ಎರಡು ಕಾಲಿಗೆ 21.2 ಮೀಟರ್. ಈ ವೈರು ಸಾಮಾನ್ಯವಾಗಿ 90 ಮೀಟರಿನ ಕಾಯಿಲ್ ಆಗಿ ಬರುವುದರಿಂದ, ನಾಲ್ವರು ಗೆಳೆಯರು ಸೇರಿ ಒಂದು ಕಾಯಿಲ್ ಕೊಂಡರೆ ಎಲ್ಲರಿಗೂ ಲಾಭ.

ಎತ್ತರದ ವಿಷಯದಲ್ಲಿ ಕಣ್ಣಂದಾಜು ಅತಿ ಹೆಚ್ಚು ಮೋಸ ಮಾಡುತ್ತದೆ. ಮರದ ನೆರಳನ್ನು ಕೋಲಿನ ನೆರಳಿನೊಂದಿಗೆ ಹೋಲಿಸುವ ಶಾಲೆಯ ಉಪಾಯ ಬಯಲಿನಲ್ಲಿ ಸರಿಯೇ, ಆದರೆ ನಮ್ಮ ಕಡೆಯ ಅಡಿಕೆ ತೋಟದಲ್ಲಿ ಯಾವ ನೆರಳು ಯಾವ ಮರದ್ದೆಂದು ಹೇಳುವುದೇ ಕಷ್ಟ. ಅಲ್ಲಿ ಒಂದು ಚೌಕ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿ, ಅದರ ಒಂದು ಗಿಡ್ಡ ಅಂಚನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ಮಡಿಕೆಯ ಓರೆ ಅಂಚಿನ ನೇರಕ್ಕೆ ತಂತಿ ಕಟ್ಟಬೇಕೆಂದಿರುವ ಜಾಗ ಕಾಣಿಸುವವರೆಗೆ ಹಿಂದಕ್ಕೆ ಸರಿಯಬೇಕು. ನಿಂತ ಜಾಗದಿಂದ ಮರದ ಬುಡಕ್ಕೆ ಇರುವ ದೂರಕ್ಕೆ ನಿಮ್ಮ ಕಣ್ಣಿನ ಎತ್ತರವನ್ನು ಕೂಡಿಸಿದರೆ ಆ ಜಾಗದ ಎತ್ತರ ಸಿಗುತ್ತದೆ. ಇಳಿಜಾರಿನ ತೋಟದಲ್ಲಿ ಮರದ ಬುಡದ ಮಟ್ಟದಲ್ಲಿಯೇ ಅಡ್ಡಕ್ಕೆ ಸರಿಯಬೇಕೇ ಹೊರತು ಕೆಳಗಿಳಿದು ನೋಡಬಾರದು.

ಎರಡು ಕಾಲುಗಳು ಸೇರುವ ನಡುವಿನ ಬಿಂದು 10 ಮೀಟರ್ ಎತ್ತರದಲ್ಲಿದ್ದು, ಎರಡೂ ಕಾಲುಗಳು 45 ಡಿಗ್ರಿ ಓರೆಯಲ್ಲಿ ಇಳಿದರೆ, ತುದಿಗಳು ನೆಲದಿಂದ ಸುಮಾರು 2.9 ಮೀಟರ್ ಮೇಲಿರುತ್ತವೆ. ನೆಲದ ಮೇಲೆ ಬೇಕಾಗುವ ಜಾಗ ತುದಿಯಿಂದ ತುದಿಗೆ 14 ಮೀಟರ್, ಬಿಗಿಯುವ ಹಗ್ಗದ ಗೂಟಗಳನ್ನೂ ಸೇರಿಸಿದರೆ 20 ಮೀಟರ್. ಪ್ರಸಾರದ ವೇಳೆ ತಂತಿಯ ತುದಿಯಲ್ಲಿ ವೋಲ್ಟೇಜ್ ಹೆಚ್ಚಿರುವುದರಿಂದ ಅದು ಕೈಗೆಟುಕಬಾರದು. ತಂತಿ ಹರಿದು ಯಾವ ಕಡೆಗೆ ಬಿದ್ದರೂ ವಿದ್ಯುತ್ ಲೈನನ್ನು ಮುಟ್ಟದಷ್ಟು ದೂರ ಇರಲೇಬೇಕು. ಈ ಒಂದು ಅಳತೆಯಲ್ಲಿ ರಾಜಿಯಿಲ್ಲ. ಇಷ್ಟು ಎತ್ತರದ ಆಂಟೆನಾ ಬಹುಪಾಲು ಶಕ್ತಿಯನ್ನು ಮೇಲ್ಮುಖವಾಗಿ ಕಳಿಸಿ, ಅದು ವಾತಾವರಣದ ಮೇಲ್ಪದರಕ್ಕೆ ತಾಗಿ ಹತ್ತಿರದಲ್ಲಿಯೇ ಮರಳುವುದರಿಂದ ರಾಜ್ಯದೊಳಗಿನ ಸಂಪರ್ಕಕ್ಕೆ ಅದು ಕೊರತೆಯಲ್ಲ, ಅನುಕೂಲವೇ.

ಆಂಟೆನಾದ ನಡುವಿನ ಬಿಂದುವನ್ನು ರೇಡಿಯೋಗೆ ಜೋಡಿಸುವ ಕೇಬಲನ್ನು ಅದು ಸಾಗುವ ದಾರಿಯಲ್ಲಿಯೇ ಅಳೆಯಬೇಕು. ನಾನು ಮೊದಲ ಸಲ ಮರದಿಂದ ಕಿಟಕಿಗೆ ನೇರವಾಗಿ ಟೇಪ್ ಹಿಡಿದು ತೃಪ್ತನಾಗಿದ್ದೆ. ಮೂರು ಮೀಟರ್ ಸಾಲದೆ ಬಂದಾಗ ತುಂಡೊಂದನ್ನು ಸೇರಿಸಿ ಇನ್ಸುಲೇಷನ್ ಟೇಪ್ ಸುತ್ತಿದೆ. ಆಷಾಢದ ಮಳೆಯಲ್ಲಿ ಆ ಜೋಡಣೆಯೊಳಗೆ ನೀರು ಇಳಿದು ಇಡೀ ಕೇಬಲ್ ಎಸೆಯಬೇಕಾಯಿತು. ಆದ್ದರಿಂದ ಮರದಿಂದ ಕೆಳಕ್ಕೆ 10 ಮೀಟರ್, ಗೋಡೆಯವರೆಗೆ 11, ಕಿಟಕಿಗೆ ಏರಲು 1.5, ನೀರು ಒಳಗೆ ಹರಿಯದಂತೆ ಕಿಟಕಿಯ ಹೊರಗೆ ಜೋತು ಬಿಡುವ ಬಳುಕಿಗೆ 1, ಒಳಗೆ ಮೇಜಿನವರೆಗೆ 2 ಎಂದು ಬಿಡಿಬಿಡಿಯಾಗಿ ಬರೆದುಕೊಂಡರೆ 25.5 ಆಗುತ್ತದೆ, 26 ಮೀಟರ್ ಒಂದೇ ತುಂಡಾಗಿ ಕೊಳ್ಳಬೇಕು. ತೆಳುವಾದ ಆರ್‌ಜಿ-58 ಕೇಬಲ್ ಈ ಉದ್ದಕ್ಕೆ 7 ಮೆಗಾಹರ್ಟ್ಸ್‌ನಲ್ಲಿ ಸುಮಾರು 1 ಡೆಸಿಬಲ್ ನುಂಗುತ್ತದೆ, ಅಂದರೆ 100 ವಾಟ್ ಕೊಟ್ಟರೆ 80ರ ಆಸುಪಾಸು ತಲುಪುತ್ತದೆ, ಇದನ್ನು ಸಹಿಸಿಕೊಳ್ಳಬಹುದು. ಅದೇ ಕೇಬಲನ್ನು ಹ್ಯಾಮ್ ಬಳಕೆಯ ಇನ್ನೊಂದು ಬ್ಯಾಂಡಾದ 145 ಮೆಗಾಹರ್ಟ್ಸ್‌ಗೆ ಬಳಸಿದರೆ ಮೂರರಲ್ಲಿ ಒಂದು ಪಾಲು ಮಾತ್ರ ಮೇಲೆ ಹೋಗುವುದರಿಂದ, ಆ ಯೋಚನೆ ಇದ್ದವರು ದಪ್ಪನೆಯ ಆರ್‌ಜಿ-213ರ ದರವನ್ನು ಈಗಲೇ ಕೇಳಿಡುವುದು ಒಳಿತು.

ಹಗ್ಗದ ಲೆಕ್ಕ ಚಿಕ್ಕದು: ರಾಟೆಯ ಮೇಲೆ ಹೋಗಿಬರಲು ಎತ್ತರದ ಎರಡರಷ್ಟು ಮತ್ತು ಕಟ್ಟಲು 2 ಮೀಟರ್, ಒಟ್ಟು 22, ತುದಿಯಿಂದ ಗೂಟಕ್ಕೆ ತಲಾ 4.5, ಎಲ್ಲ ಸೇರಿ 31 ಮೀಟರ್.

ಇನ್ನು ದರ. ಪಟ್ಟಿ ಮಾಡುವ ರೀತಿ ತೋರಿಸಲೆಂದು ತಂತಿಗೆ ಮೀಟರಿಗೆ 25 ರೂಪಾಯಿ, ಕೇಬಲಿಗೆ 50, ಹಗ್ಗಕ್ಕೆ 8, ಒಂದು ಕನೆಕ್ಟರಿಗೆ 80 ಎಂದು ಇಟ್ಟುಕೊಳ್ಳೋಣ; ನಿಮ್ಮೂರಿನ ಅಂಗಡಿಯ ದರ ಬೇರೆಯಾಗಿಯೇ ಇರುತ್ತದೆ, ತಾಮ್ರದ ಬೆಲೆಯಂತೂ ದಿನಕ್ಕೊಂದು. ತಂತಿ 530, ಕೇಬಲ್ 1300, ಹಗ್ಗ 248, ಎರಡು ಕನೆಕ್ಟರ್ 160 ಸೇರಿ 2238 ರೂಪಾಯಿ. ಶೇಕಡಾ 10 ಕೈಮೀರುವ ಖರ್ಚಿಗೆಂದು ಸೇರಿಸಿದರೆ ಸುಮಾರು 2460. ಇನ್ಸುಲೇಟರಿಗೆ ಉಳಿದ ಪಿವಿಸಿ ಪೈಪಿನ ತುಂಡು ಸಾಕು. ಅರ್ಧಕ್ಕಿಂತ ಹೆಚ್ಚು ಹಣ ಕೇಬಲಿಗೇ ಹೋಗುವುದರಿಂದ, ಉಳಿತಾಯ ಬೇಕಿದ್ದವರು ತಂತಿಯಲ್ಲಿ ಜುಗ್ಗತನ ಮಾಡುವ ಬದಲು ರೇಡಿಯೋದ ಮೇಜನ್ನೇ ಮರದ ಕಡೆಯ ಕೋಣೆಗೆ ಸರಿಸಬೇಕು.

ಕಟ್ಟಿದ ಮೇಲೆ ಆಂಟೆನಾ ಅಳೆಯುವ ಚಿಕ್ಕ ಉಪಕರಣವಾದ ನ್ಯಾನೋವಿಎನ್ಎ ಅಥವಾ ಆಂಟೆನಾದಿಂದ ಮರಳುವ ಶಕ್ತಿಯನ್ನು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರಿನಿಂದ ಆಂಟೆನಾ ಯಾವ ಆವರ್ತನಕ್ಕೆ ಹೊಂದುತ್ತಿದೆ ಎಂದು ನೋಡಬೇಕು. 20.6 ಮೀಟರ್ ತಂತಿ 6.95 ಮೆಗಾಹರ್ಟ್ಸ್‌ನಲ್ಲಿ ಹೊಂದಿದರೆ, 20.6ನ್ನು 6.95ರಿಂದ ಗುಣಿಸಿ 7.1ರಿಂದ ಭಾಗಿಸಿದಾಗ 20.16 ಬರುತ್ತದೆ, ಅಂದರೆ ಕಾಲಿಗೆ ಸುಮಾರು 22 ಸೆಂಟಿಮೀಟರ್ ಹೆಚ್ಚಿದೆ. ಮೊದಲ ಸುತ್ತಿನಲ್ಲಿ 15 ಸೆಂಟಿಮೀಟರ್ ಮಾತ್ರ ಹಿಂದಕ್ಕೆ ಮಡಚಿ, ತಂತಿಗೇ ಒತ್ತಾಗಿ ಸುತ್ತಿ, ಮತ್ತೆ ಮೇಲೇರಿಸಿ ನೋಡಬೇಕು. ಇಕ್ಕಳವನ್ನು ಕೈಗೆತ್ತಿಕೊಳ್ಳುವುದು ಎರಡನೆಯ ಸುತ್ತೂ ಮುಗಿದ ಮೇಲೆ.