2010ರ ಡಿಸೆಂಬರ್ ಚಳಿಯನ್ನು ಹಳೆಯ ಚಳಿಗಾಲಗಳೊಂದಿಗೆ ತೂಗಿದ ಬಗೆ: ನನ್ನ ಅನುಭವ

ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ ನೆಲೆಸಿರುವ ನನ್ನ ಹಿತ್ತಲಿನ ತಾಪಮಾನದ ದಾಖಲೆಗಳು ಬಹಳ ಹಿಂದಕ್ಕೆ ಹೋಗುವುದಿಲ್ಲ. ಆದರೂ 2010ರ ಡಿಸೆಂಬರ್ ಅನ್ನು 1947, 1963 ಮತ್ತು 1981ರ ಚಳಿಯೊಂದಿಗೆ ನಮ್ಮ ಹಳ್ಳಿಯ ಮಟ್ಟದಲ್ಲಿಯೇ ಹೋಲಿಸಬಹುದು ಎಂದು ನಾನು ಹೇಳಿದಾಗ ಜೊತೆಯ ಹವ್ಯಾಸಿ ವೀಕ್ಷಕರು ಒಪ್ಪಿರಲಿಲ್ಲ. ಈಗ ಲೆಕ್ಕ ಕೂಡಿಬಂದಿದೆ.

ಸಾಮಾನ್ಯವಾಗಿ ಎಲ್ಲರೂ ಮಧ್ಯ ಇಂಗ್ಲೆಂಡ್ ತಾಪಮಾನ ಸರಣಿಯ (ಆ ಭಾಗದ ಕೆಲವು ಕೇಂದ್ರಗಳ ಓದುಗಳಿಂದ ಕಟ್ಟಿದ ದೀರ್ಘಕಾಲದ ದಾಖಲೆ) ತಿಂಗಳ ಸರಾಸರಿಯಿಂದ ತಮ್ಮ ಊರಿನ ವ್ಯತ್ಯಾಸವನ್ನು ಕಳೆದು ಹಿಂದಕ್ಕೆ ಹೋಗುತ್ತಾರೆ. ಅದು ನಮ್ಮಲ್ಲಿ ನಡೆಯಲಿಲ್ಲ. ಸಾಧಾರಣ ಡಿಸೆಂಬರ್‌ನಲ್ಲಿ ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟಿದ್ದ ವ್ಯತ್ಯಾಸ, ಹಿಮ ಕೂತ ತಿಂಗಳಲ್ಲಿ ಒಂದು ಡಿಗ್ರಿಯನ್ನೂ ದಾಟುತ್ತಿತ್ತು. ಆ ಸರಣಿ ಇಂದು ರಾಥಮ್‌ಸ್ಟೆಡ್, ಪರ್ಶೋರ್ ಮತ್ತು ಸ್ಟೋನಿಹರ್ಸ್ಟ್ ಕೇಂದ್ರಗಳನ್ನು ಆಧರಿಸಿದೆ. ನಮ್ಮದೋ ತಣ್ಣನೆಯ ಗಾಳಿ ಇಳಿದು ನಿಲ್ಲುವ ತಗ್ಗು. ಇದೇ ಜಿಲ್ಲೆಯ ನ್ಯೂಪೋರ್ಟ್‌ನಲ್ಲಿ 1982ರ ಜನವರಿ 10ರಂದು −26.1 ಡಿಗ್ರಿ ದಾಖಲಾದದ್ದು ಸುಮ್ಮನೆ ಅಲ್ಲ.

ಉಪಕರಣಗಳಿಗೆ ಸುರಿದ ಹಣ ಕಡಿಮೆಯೇನಲ್ಲ. ಮೊದಲು ಕೊಂಡ ಐನೂರು ಪೌಂಡ್ ಆಸುಪಾಸಿನ ಎಲೆಕ್ಟ್ರಾನಿಕ್ ಕೇಂದ್ರದ ಪ್ಲಾಸ್ಟಿಕ್ ಕವಚದೊಳಗೆ ಹಿಮ ತುಂಬಿಕೊಂಡು, ಅದರ ಓದು ಎರಡು ದಿನ ಸೊನ್ನೆಯ ಆಸುಪಾಸಿನಲ್ಲಿಯೇ ನಿಂತುಬಿಟ್ಟಿತು. ಫ್ಯಾನ್ ಇರುವ ಕವಚ ಮಂಜುಗಟ್ಟಿ ನಿಂತಿತು. ಕೊನೆಗೆ ಎಂಬತ್ತು ಪೌಂಡಿನಷ್ಟು ಮರ ತಂದು ನಾನೇ ಮಾಡಿದ ಸ್ಟೀವನ್‌ಸನ್ ಪೆಟ್ಟಿಗೆಯೇ (ತಾಪಮಾಪಕವನ್ನು ಬಿಸಿಲು, ಹಿಮದಿಂದ ಕಾಯುವ ಗಾಳಿಯಾಡುವ ಪೆಟ್ಟಿಗೆ) ಉಳಿಯಿತು, ನೆಲದಿಂದ 1.25 ಮೀಟರ್ ಎತ್ತರದಲ್ಲಿ ಅದು ಇಂದಿಗೂ ಕದಲಿಲ್ಲ.

ನಾನು ತಿಂಗಳ ಸರಾಸರಿಯನ್ನು ಬದಿಗಿಟ್ಟು, ಅದೇ ಸರಣಿಯಲ್ಲಿ 1878ರಿಂದ ಸಿಗುವ ದೈನಿಕ ಗರಿಷ್ಠ ಮತ್ತು ಕನಿಷ್ಠಗಳನ್ನು ಬೇರೆಬೇರೆಯಾಗಿ ಹಿಡಿದೆ. ನನ್ನ ರಾತ್ರಿಗಳನ್ನು ಹಿಮದ ಮೇಲಿನ ತಿಳಿ ಆಕಾಶ, ಹಿಮದ ಮೇಲಿನ ಮೋಡ, ಹಿಮವಿಲ್ಲದ ತಿಳಿ ಆಕಾಶ, ಉಳಿದದ್ದು ಎಂದು ವಿಂಗಡಿಸಿ, ಪ್ರತಿ ಗುಂಪಿಗೂ ಪ್ರತ್ಯೇಕ ವ್ಯತ್ಯಾಸ ಕಂಡುಕೊಂಡೆ. ಹಳೆಯ ರಾತ್ರಿಗಳ ಗುಂಪನ್ನು ಹವಾಮಾನ ಇಲಾಖೆಯ ದೈನಿಕ ವರದಿಗಳಿಂದ ನಿರ್ಧರಿಸಿದೆ. ಗಾಳಿಯ ವೇಗವನ್ನು ಇದರೊಳಗೆ ಸೇರಿಸಿದ ಬಗೆಯನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಂಡಿದ್ದೇನೆ.

ಈ ವಿಂಗಡಣೆಯ ಬೆಲೆ ತಿಳಿದದ್ದು 1947ರ ಫೆಬ್ರವರಿಯ ಲೆಕ್ಕ ಮಾಡುವಾಗ. ಸರಣಿಯಲ್ಲಿ ಅದು −1.9, 1963ರ ಜನವರಿ −2.1, ಕಾಗದದ ಮೇಲೆ ಅವಳಿಗಳಂತೆ ಕಾಣುತ್ತವೆ. ಆದರೆ 1947ರಲ್ಲಿ ಪೂರ್ವದ ಗಾಳಿ ಮತ್ತು ಬಿಡದ ಮೋಡದಿಂದಾಗಿ ಹಗಲು ಏರಲೇ ಇಲ್ಲ, ರಾತ್ರಿಯೂ ಬಹಳ ಇಳಿಯಲಿಲ್ಲ. ಅಂಥ ತಿಂಗಳಿನಲ್ಲಿ ನಮ್ಮ ತಗ್ಗು ಸುತ್ತಲಿನ ಊರುಗಳಿಗಿಂತ ಅಷ್ಟೇನೂ ಬೇರೆಯಲ್ಲ.

ನಡುವೆ, ಹಿಮದ ಪ್ರಭಾವವನ್ನು ನೇರವಾಗಿ ಅಳೆಯಲು ಪೆಟ್ಟಿಗೆಯ ಕೆಳಗಿನ ಹಿಮವನ್ನು ಕೆಲವು ರಾತ್ರಿ ಗುಡಿಸಿ ನೋಡಿದೆ. ಏನೂ ಬದಲಾಗಲಿಲ್ಲ, ಏಕೆಂದರೆ ಸುತ್ತಲಿನ ಹೊಲದ ಗಾಳಿಯೇ ಅಲ್ಲಿಗೂ ಹರಿದು ಬರುತ್ತದೆ. ಹಿಮದ ಮೇಲ್ಮೈಯಲ್ಲಿಟ್ಟ ತಾಪಮಾಪಕ ಮಾತ್ರ ಪೆಟ್ಟಿಗೆಗಿಂತ ನಾಲ್ಕೈದು ಡಿಗ್ರಿ ಕೆಳಗೆ ತೋರಿಸಿತು.

ಅನುಮಾನ ಕರಗಿದ್ದು ಪಕ್ಕದ ಹೊಲದ ಮನೆಯವರ ಅಟ್ಟದಲ್ಲಿ 1963ರ ತಾಪಮಾನದ ಪುಸ್ತಕ ಸಿಕ್ಕಾಗ. ಆ ಜನವರಿಗೆ ನಾನು ಮೊದಲೇ ಬರೆದು ಹಂಚಿದ್ದ ಅಂದಾಜು −3ರ ಸಮೀಪವಿತ್ತು. ಅವರ ಬೆಳಗಿನ ಒಂಬತ್ತರ ಓದುಗಳ ಸರಾಸರಿ ಅದರಿಂದ ಸುಮಾರು 0.3 ಡಿಗ್ರಿ ಮಾತ್ರ ದೂರವಿತ್ತು. ಹಳೆಯ ಪದ್ಧತಿಯಾಗಿದ್ದರೆ ಇನ್ನೂ ಹೆಚ್ಚು ತಪ್ಪುತ್ತಿತ್ತು.

ನಮ್ಮ ಹಳ್ಳಿಯಲ್ಲಿ 2010ರ ಡಿಸೆಂಬರ್ −2ರ ಹತ್ತಿರ ನಿಲ್ಲುತ್ತದೆ, 1981ರದು ಅದಕ್ಕಿಂತ ಮುಕ್ಕಾಲು ಡಿಗ್ರಿಯಷ್ಟು ಮೇಲಿದೆ. ಆದರೆ ಒಂದೇ ರಾತ್ರಿಯ ಕೊರೆತದಲ್ಲಿ, ನಾನು ಹೋಲಿಸಿದ ಈ ನಾಲ್ಕು ಚಳಿಗಳ ಪೈಕಿ 1981ರ ಡಿಸೆಂಬರ್ ಅನ್ನು ಮೀರಿಸುವುದು ಇಲ್ಲ. ಆ ಡಿಸೆಂಬರ್ 13ರಂದು ಹತ್ತಿರದ ಶಾಬರಿಯಲ್ಲಿ −25.2 ದಾಖಲಾಗಿತ್ತು. ಸರಣಿಯಲ್ಲಿ 2010ಕ್ಕಿಂತ ತಣ್ಣಗಿರುವ 1890ರ ಡಿಸೆಂಬರ್‌ನ ರಾತ್ರಿಗಳನ್ನು ಈಗ ವಿಂಗಡಿಸುತ್ತಿದ್ದೇನೆ.