ಹಳೆಯ ಕೈ ಉಪಕರಣ ಯಾವುದೆಂದು ಗೊತ್ತಾಗ್ತಿಲ್ವಾ? ಮೊದಲು ಉಜ್ಜಬೇಡಿ

ಗುರುತು ಸಿಗದ ಹಳೆಯ ಉಪಕರಣ ಕೈಗೆ ಬಂದರೆ ದಯವಿಟ್ಟು ತುಕ್ಕು ತೆಗೆಯಲು ಹೋಗಬೇಡಿ. ಅದರ ಕಥೆಯೆಲ್ಲ ಸವೆತದಲ್ಲೇ ಇರುತ್ತದೆ. ನುಣುಪಾದ ಕಡೆ ಕೈ ಹಿಡಿದಿದೆ, ಜಜ್ಜಿದ ಕಡೆ ಪೆಟ್ಟು ಬಿದ್ದಿದೆ. ಹಿಡಿ ಅಲಗಿಗೆ ಅಡ್ಡಲಾಗಿ ನಿಂತು, ಅಲಗಿನ ಬೆನ್ನು ಜಜ್ಜಿಹೋಗಿದ್ದರೆ ಅದು ಬಹುಶಃ ಮರ ಸೀಳುವ ಫ್ರೋ. ಅಂಚು ಮೊಂಡಾಗಿದೆ ಅಂತ ಸುಮ್ನೆ ಸಾಣೆ ಹಿಡಿಯಬೇಡಿ. ಅದು ಕತ್ತರಿಸುವುದಿಲ್ಲ, ನಾರಿನ ಗುಂಟ ಸೀಳುತ್ತದೆ, ಅಷ್ಟು ಮೊಂಡು ಸಾಕು.

ಉಪಕರಣದ ಮೇಲಿನ ಅಕ್ಷರ ಮಸುಕಾಗಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಎದ್ದು ಕಾಣುತ್ತದೆ. ಅಮೆರಿಕದ ಪೇಟೆಂಟ್ ಸಂಖ್ಯೆ ಸಿಕ್ಕರಂತೂ ಅದೃಷ್ಟ! ಅಲ್ಲಿ ಹತ್ತು ಲಕ್ಷದ ಸಂಖ್ಯೆ ಬಂದದ್ದು 1911ರಲ್ಲಿ. ಹಾಗಾಗಿ ಏಳು ಅಂಕಿ ಇದ್ದರೆ ಉಪಕರಣ ಅದಕ್ಕಿಂತ ಹಳೆಯದಲ್ಲ.

ಇದೇನೆಂದು ಬೇರೆಯವರನ್ನು ಕೇಳಲು ಫೋಟೋ ಹಾಕುವಾಗ ಪಕ್ಕದಲ್ಲಿ ಸ್ಕೇಲ್ ಇಡಿ, ಅಂಚಿನ ಹತ್ತಿರದ ಚಿತ್ರವೂ ಇರಲಿ.