ಲುಟೇಷಿಯಂ-151ರ ಅರ್ಧಾಯು: ನಾನು ಲೆಕ್ಕ ಹಾಕಿದ ಬಗೆ

ನ್ಯೂಕ್ಲಿಯರ್ ಭೌತವಿಜ್ಞಾನ ಕಲಿಸುವವರು ಆಲ್ಫಾ ಕ್ಷಯದ ಲೆಕ್ಕವನ್ನು ತರಗತಿಯಲ್ಲಿ ತಪ್ಪದೆ ಮಾಡಿಸುತ್ತಾರೆ. ಪ್ರೋಟಾನ್ ಕ್ಷಯದ, ಅಂದರೆ ನ್ಯೂಕ್ಲಿಯಸ್ಸಿನಿಂದ ಒಂದು ಪ್ರೋಟಾನ್ ಹೊರಬೀಳುವುದರ, ಲೆಕ್ಕ ಮಾಡಿಸುವವರು ವಿರಳ. ನನಗೆ ಎರಡನೆಯದೇ ಹೆಚ್ಚು ಇಷ್ಟ. ಆಲ್ಫಾ ಕಣ ಹೊರಬೀಳಬೇಕಾದರೆ ನಾಲ್ಕು ನ್ಯೂಕ್ಲಿಯಾನುಗಳು (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್) ಮೊದಲು ಒಟ್ಟುಗೂಡಬೇಕು, ಆ ಸಂಭವನೀಯತೆಯನ್ನು ಅಂದಾಜು ಮಾಡುವುದು ಕಷ್ಟ. ಪ್ರೋಟಾನ್ ಆದರೋ ನ್ಯೂಕ್ಲಿಯಸ್ಸಿನಲ್ಲಿ ಆಗಲೇ ಇರುತ್ತದೆ. ಹೀಗಾಗಿ ಅರ್ಧಾಯುವೊಂದನ್ನೇ (ಅರ್ಧದಷ್ಟು ನ್ಯೂಕ್ಲಿಯಸ್ಸುಗಳು ಕ್ಷಯಿಸಲು ಹಿಡಿಯುವ ಕಾಲ) ಹಿಡಿದು, ಪ್ರೋಟಾನ್ ಯಾವ ಕಕ್ಷೆಯಿಂದ ಹೊರಟಿತೆಂದು ಹೇಳಲು ಸಾಧ್ಯವಾಗುತ್ತದೆ.

ನಾನು ಆರಿಸಿಕೊಂಡದ್ದು 71 ಪ್ರೋಟಾನುಗಳಿರುವ ಲುಟೇಷಿಯಂ-151. ಪ್ರೋಟಾನ್ ಕ್ಷಯ 1970ರಲ್ಲೇ ಕೋಬಾಲ್ಟ್-53ರಲ್ಲಿ ಕಂಡಿತ್ತು, ಆದರೆ ಅದು ಉದ್ರಿಕ್ತ (ಹೆಚ್ಚುವರಿ ಶಕ್ತಿ ಪಡೆದ) ಸ್ಥಿತಿಯಿಂದ ಆದದ್ದು. ಅತಿ ಕಡಿಮೆ ಶಕ್ತಿಯ ಮೂಲಸ್ಥಿತಿಯಿಂದಲೇ ಪ್ರೋಟಾನ್ ಹೊರಬಿದ್ದದ್ದು ಮೊದಲು ಕಂಡದ್ದು 1981ರಲ್ಲಿ, ಜರ್ಮನಿಯ ಡಾರ್ಮ್‌ಸ್ಟಾಟ್‌ನ ಜಿಎಸ್‌ಐ ಪ್ರಯೋಗಾಲಯದಲ್ಲಿ, ರುಥೇನಿಯಂ-96ರ ಗುರಿಗೆ ನಿಕಲ್-58 ಅಯಾನುಗಳನ್ನು ಹಾಯಿಸಿದಾಗ. ಪ್ರೋಟಾನಿನ ಶಕ್ತಿ 1.23 ಎಂಇವಿ (ಮೆಗಾ ಎಲೆಕ್ಟ್ರಾನ್ ವೋಲ್ಟ್), ಅರ್ಧಾಯು ಸುಮಾರು 80 ಮಿಲಿಸೆಕೆಂಡ್. ಬೀಟಾ ಕ್ಷಯವೂ ಪೈಪೋಟಿಗಿರುವುದರಿಂದ ಪ್ರೋಟಾನ್ ಕ್ಷಯದ ಪಾಲು ಮೂರರಲ್ಲಿ ಸರಿಸುಮಾರು ಎರಡು. ಲೆಕ್ಕಕ್ಕೆ ಹೋಲಿಸಬೇಕಾದ ಭಾಗಶಃ ಅರ್ಧಾಯು (ಪ್ರೋಟಾನ್ ಕ್ಷಯವೊಂದೇ ಇದ್ದಿದ್ದರೆ ಇರುತ್ತಿದ್ದದ್ದು) ಆಗ 125 ಮಿಲಿಸೆಕೆಂಡಿನ ಆಸುಪಾಸಿಗೆ ಬರುತ್ತದೆ.

ಪೈಥಾನಿನಲ್ಲಿ ಬರೆದ ಪ್ರೋಗ್ರಾಂ ದೊಡ್ಡದೇನಲ್ಲ. ನ್ಯೂಕ್ಲಿಯಸ್ಸಿನ ಆಕರ್ಷಣೆಗೆ ವುಡ್ಸ್-ಸ್ಯಾಕ್ಸನ್ ವಿಭವ (ಅಂಚು ಮೆಲ್ಲಗೆ ಏರುವ ಬಾವಿಯಾಕಾರದ ಸೂತ್ರ), ಅದಕ್ಕೆ ಉಳಿದ 70 ಪ್ರೋಟಾನುಗಳ ಕೂಲಂಬ್ ವಿಕರ್ಷಣೆ, ಜೊತೆಗೆ ಕೋನೀಯ ಸಂವೇಗದಿಂದ ಬರುವ ಕೇಂದ್ರಾಪಗಾಮಿ ಪದ. ಆಯ್ದ ಕಕ್ಷೆ ಸರಿಯಾಗಿ ಅಳೆದ ಶಕ್ತಿಯಲ್ಲೇ ಕೂರುವಂತೆ ವಿಭವದ ಆಳವನ್ನು ಹೊಂದಿಸಿ, ತಡೆಗೋಡೆಯ ಒಳಬದಿಯಿಂದ ಹೊರಬದಿಯವರೆಗೆ ಡಬ್ಲ್ಯುಕೆಬಿ ಸಮಾಕಲನ (ಕಣ ತಡೆಗೋಡೆಯನ್ನು ತೂರಿಹೋಗುವ ಸಂಭವನೀಯತೆಯ ಅಂದಾಜು ಲೆಕ್ಕ) ಮಾಡಿದೆ. ಹೊರಬದಿ ಎಷ್ಟು ದೂರವಿದೆ ಎಂಬುದನ್ನು ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ ನೋಡುವುದು ಒಳ್ಳೆಯದು: 70ನ್ನು ಕೂಲಂಬ್ ಬಲದ ಸ್ಥಿರಾಂಕ 1.44ರಿಂದ ಗುಣಿಸಿ 1.24 ಎಂಇವಿಯಿಂದ (ಪ್ರೋಟಾನಿನ 1.23ಕ್ಕೆ ಹಿಮ್ಮೆಟ್ಟುವ ನ್ಯೂಕ್ಲಿಯಸ್ಸಿನ ಪಾಲು ಸೇರಿ) ಭಾಗಿಸಿದರೆ 81 ಫೆಮ್ಟೋಮೀಟರ್ (ಒಂದು ಫೆಮ್ಟೋಮೀಟರ್ ಎಂದರೆ ಮೀಟರಿನ 10^-15 ಪಾಲು). ನ್ಯೂಕ್ಲಿಯಸ್ಸಿನ ತ್ರಿಜ್ಯ ಆರೂವರೆಯನ್ನೂ ಮುಟ್ಟುವುದಿಲ್ಲ. ಅಷ್ಟು ದಪ್ಪದ ಗೋಡೆಯನ್ನು ಪ್ರೋಟಾನ್ ದಾಟಬೇಕು.

ಈ ವಲಯದಲ್ಲಿ ಪ್ರೋಟಾನ್ ಇರಬಹುದಾದ ಕಕ್ಷೆಗಳು ಮೂರು: ಎಸ್-1/2, ಡಿ-3/2, ಎಚ್-11/2. ಕೋನೀಯ ಸಂವೇಗ ಕ್ರಮವಾಗಿ 0, 2, 5. ಸೊನ್ನೆ ಕೊಟ್ಟಾಗ ಅರ್ಧಾಯು ಕೆಲವೇ ಮೈಕ್ರೋಸೆಕೆಂಡ್ ಬಂತು. ಎರಡು ಕೊಟ್ಟಾಗಲೂ ಅದು ಮಿಲಿಸೆಕೆಂಡನ್ನು ತಲುಪಲಿಲ್ಲ. ಐದಕ್ಕೆ ಹತ್ತಾರು ಮಿಲಿಸೆಕೆಂಡಿಗೆ ಏರಿತು. ಕಾರಣವನ್ನು ತಡೆಗೋಡೆಯ ನಕ್ಷೆಯೇ ತೋರಿಸುತ್ತದೆ. ಕೇಂದ್ರದಿಂದ 10 ಫೆಮ್ಟೋಮೀಟರ್ ದೂರದಲ್ಲಿ ಕೂಲಂಬ್ ಎತ್ತರ 10 ಎಂಇವಿ ಇದ್ದರೆ, ಕೋನೀಯ ಸಂವೇಗ ಐದಾದಾಗ ಅದರ ಮೇಲೆ ಇನ್ನೂ 6.3 ಎಂಇವಿ ಸೇರುತ್ತದೆ. 40ರಲ್ಲಿ ಆ ಸೇರ್ಪಡೆ 0.4ಕ್ಕೆ ಇಳಿದಿರುತ್ತದೆ. ಒಳಗಿನ ಈ ಕಿರಿದಾದ ಭಾಗವೇ ಅರ್ಧಾಯುವನ್ನು ಹತ್ತು ಸಾವಿರ ಪಟ್ಟಿಗೂ ಮಿಕ್ಕಿ ಹಿಗ್ಗಿಸುತ್ತದೆ. ಆದ್ದರಿಂದ ಉತ್ತರ ಎಚ್-11/2 ಎಂಬುದರಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. ನ್ಯೂಕ್ಲಿಯಾನುಗಳು ನಿಗದಿತ ಕಕ್ಷೆಗಳಲ್ಲಿ ತುಂಬುತ್ತವೆ ಎಂದು ಪಠ್ಯಪುಸ್ತಕದಲ್ಲಿ ಓದಿದ ಶೆಲ್ ಮಾದರಿ ಹೀಗೆ ಗಡಿಯಾರದ ಅಳತೆಯಲ್ಲಿ ಎದ್ದು ಕಾಣುವುದು ನನಗೆ ಇಂದಿಗೂ ಅಪಾರ ಸಂತೋಷ ಕೊಡುತ್ತದೆ.

ಇದನ್ನು ಮಾಡಿ ನೋಡುವವರು ಶಕ್ತಿಯ ವಿಷಯದಲ್ಲಿ ಎಚ್ಚರದಿಂದಿರಬೇಕು. ಶಕ್ತಿ 0.1 ಎಂಇವಿ ಹೆಚ್ಚಾದರೆ ಅರ್ಧಾಯು ಸುಮಾರು ಹತ್ತನೆಯ ಒಂದು ಪಾಲಿಗೆ ಕುಸಿಯುತ್ತದೆ. ಹೀಗಾಗಿ ಹಿಮ್ಮೆಟ್ಟುವ ನ್ಯೂಕ್ಲಿಯಸ್ಸಿನ ಶಕ್ತಿಯನ್ನೂ, ಪರಮಾಣುವಿನ ಎಲೆಕ್ಟ್ರಾನುಗಳ ಮರೆಯಿಂದ ಬರುವ ಹತ್ತು ಹದಿನೈದು ಕೆಇವಿಯಷ್ಟು (ಒಂದು ಕೆಇವಿ ಎಂದರೆ ಎಂಇವಿಯ ಸಾವಿರದ ಒಂದು ಪಾಲು) ತಿದ್ದುಪಡಿಯನ್ನೂ ಸೇರಿಸಲೇಬೇಕು.

ಇಷ್ಟಾದರೂ ಲೆಕ್ಕದ ಅರ್ಧಾಯು ಅಳೆದದ್ದಕ್ಕಿಂತ ಕಡಿಮೆಯೇ, ಹೆಚ್ಚುಕಡಿಮೆ ಅರ್ಧದಷ್ಟು. ಕಕ್ಷೆ ಭಾಗಶಃ ತುಂಬಿರುವುದರಿಂದ ಹೀಗಾಗುವುದು ನಿರೀಕ್ಷಿತವೇ. ಮೂರು ಕಕ್ಷೆಗಳಲ್ಲಿ ಒಟ್ಟು ಒಂಬತ್ತು ಜೋಡಿಗೆ ಜಾಗವಿದೆ; ಅವು ಪೂರ್ತಿ ತುಂಬಿದಾಗ ಪ್ರೋಟಾನುಗಳ ಸಂಖ್ಯೆ 82; ಕ್ಷಯದ ನಂತರ ಉಳಿಯುವ ಮರಿ ನ್ಯೂಕ್ಲಿಯಸ್ಸಾದ ಇಟರ್ಬಿಯಂ-150ರಲ್ಲಿ 82ಕ್ಕೆ ಆರು ಜೋಡಿ ಕಡಿಮೆಯಿದೆ; ಆದ್ದರಿಂದ ಲೆಕ್ಕದ ಅರ್ಧಾಯುವಿಗೂ ಅಳೆದದ್ದಕ್ಕೂ ಸರಳ ಅಂದಾಜಿನ ಅನುಪಾತ ಒಂಬತ್ತರಲ್ಲಿ ಆರು.

ಇದೇ ಪ್ರೋಗ್ರಾಮನ್ನು ಪ್ರೋಟಾನ್ ಹೊರಸೂಸುವ ಇನ್ನೊಂದು ನ್ಯೂಕ್ಲಿಯಸ್ಸಾದ ಹೋಲ್ಮಿಯಂ-141ಕ್ಕೆ ಬಳಸಿದರೆ ಯಾವ ಕಕ್ಷೆಯೂ ಸರಿಹೊಂದುವುದಿಲ್ಲ, ಏಕೆಂದರೆ ಆ ನ್ಯೂಕ್ಲಿಯಸ್ ಗೋಳಾಕಾರದ್ದಲ್ಲ, ಬಲವಾಗಿ ಉದ್ದಕ್ಕೆ ಎಳೆದಂತಿರುವುದು. ಅದಕ್ಕೆ ಬೇಕಾದ ವಿರೂಪಗೊಂಡ ವಿಭವದ ಲೆಕ್ಕವನ್ನು ಈಗ ಬರೆಯುತ್ತಿದ್ದೇನೆ.